ಕರೆದವರು ಯಾರು, ಸಂಬಳ ಕೊಡುವವರು ಯಾರು: ಸಂಘರ್ಷದ ದೇಶಗಳಲ್ಲಿ ವಿದೇಶಿ ಸೇನೆ

2023ರ ಜೂನ್ ತಿಂಗಳಲ್ಲಿ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ವಿದೇಶಾಂಗ ಸಚಿವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದು, ತಮ್ಮ ನೆಲದಲ್ಲಿ ಹತ್ತು ವರ್ಷಗಳಿಂದ ಬೀಡುಬಿಟ್ಟಿರುವ ಶಾಂತಿಪಾಲನಾ ಪಡೆ ತಡಮಾಡದೆ ಹೊರಡಬೇಕೆಂದು ಕೇಳಿದರು. ಮಂಡಳಿ ಅದೇ ತಿಂಗಳ 30ರಂದು ಒಪ್ಪಿಗೆ ನೀಡಿತು. ಮೂರು ತಿಂಗಳು ಕಳೆದು, ಅಕ್ಟೋಬರ್ 2ರಂದು, ಅದೇ ಮಂಡಳಿ ಕೆರಿಬಿಯನ್ ಸಮುದ್ರದ ಹೈಟಿ ದೇಶಕ್ಕೆ ಕೆನ್ಯಾದ ನೇತೃತ್ವದಲ್ಲಿ ವಿದೇಶಿ ಭದ್ರತಾ ಪಡೆಯೊಂದನ್ನು ಕಳುಹಿಸಲು ಅನುಮತಿಸಿತು. ಹೈಟಿಯ ಪ್ರಧಾನಿ ಅದಕ್ಕಾಗಿ ಒಂದು ವರ್ಷದಿಂದ ಬೇಡಿಕೆ ಇಟ್ಟಿದ್ದರು. ಒಂದು ದೇಶ ಹೊರಗಿನವರನ್ನು ಕಳುಹಿಸಿಕೊಟ್ಟ ವರ್ಷವೇ ಇನ್ನೊಂದು ದೇಶ ಹೊರಗಿನವರನ್ನು ಕರೆಸಿಕೊಂಡಿತು.

ಎರಡೂ ಕಡೆ ಸರ್ಕಾರದ ಹಿಡಿತಕ್ಕೆ ಸಿಗದ ಸಶಸ್ತ್ರ ಗುಂಪುಗಳಿದ್ದವು, ಎರಡೂ ಕಡೆ ಜನ ಸಾಯುತ್ತಿದ್ದರು. ಹಾಗಿದ್ದರೆ ವಿದೇಶಿ ಸೇನೆ ಯಾವ ಕಾನೂನಿನ ಬಲದಿಂದ ಇನ್ನೊಂದು ದೇಶದೊಳಗೆ ಕಾಲಿಡುತ್ತದೆ, ಅದರ ಖರ್ಚು ಯಾರು ಹೊರುತ್ತಾರೆ, ಅಲ್ಲಿ ಅದು ಮಾಡುವುದೇನು, ಯಾವಾಗ ಹೊರಡುತ್ತದೆ ಎಂಬ ಪ್ರಶ್ನೆಗಳು ಏಳುತ್ತವೆ. ಪತ್ರಿಕೆಗಳ ವಿದೇಶ ಪುಟದಲ್ಲಿ ಈ ಸುದ್ದಿಗಳು ಬಿಡಿಬಿಡಿಯಾಗಿ ಬರುವುದರಿಂದ ಹಿನ್ನೆಲೆ ತಿಳಿಯದ ಓದುಗರಿಗೆ ಅವುಗಳ ನಡುವಿನ ಸಂಬಂಧ ಕಾಣುವುದು ಕಷ್ಟ.

ನಿಯಮ ಏನು ಹೇಳುತ್ತದೆ

ಮಧ್ಯಪ್ರವೇಶ ಎಂಬುದು ಬಹಳ ಅಗಲವಾದ ಮಾತು. ಸಾಲ ನಿಲ್ಲಿಸುವುದು, ವ್ಯಾಪಾರ ನಿರ್ಬಂಧ ಹೇರುವುದು, ಒಂದು ಬಣಕ್ಕೆ ಗುಟ್ಟಾಗಿ ಬಂದೂಕು ಒದಗಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಇಲ್ಲಿ ನೋಡಹೊರಟಿರುವುದು ಸೈನಿಕರು ಅಥವಾ ಪೊಲೀಸರು ಗಡಿ ದಾಟಿ ಬರುವ ಸಶಸ್ತ್ರ ಮಧ್ಯಪ್ರವೇಶವನ್ನು ಮಾತ್ರ.

1945ರ ವಿಶ್ವಸಂಸ್ಥೆಯ ಸನ್ನದಿನ ಎರಡನೇ ವಿಧಿಯ ನಾಲ್ಕನೇ ಉಪವಿಧಿಯ ಪ್ರಕಾರ ಯಾವ ದೇಶವೂ ಇನ್ನೊಂದು ದೇಶದ ಮೇಲೆ ಬಲಪ್ರಯೋಗ ಮಾಡುವಂತಿಲ್ಲ. ಇದಕ್ಕೆ ಸನ್ನದಿನಲ್ಲೇ ಎರಡು ಅಪವಾದಗಳಿವೆ. ದಾಳಿಗೆ ಒಳಗಾದ ದೇಶ 51ನೇ ವಿಧಿಯಡಿ ತನ್ನನ್ನು ತಾನು ರಕ್ಷಿಸಿಕೊಳ್ಳಬಹುದು, ಜೊತೆಗಾರರ ನೆರವನ್ನೂ ಪಡೆಯಬಹುದು. ಇನ್ನು ಏಳನೇ ಅಧ್ಯಾಯದಡಿ, ಅಂತರರಾಷ್ಟ್ರೀಯ ಶಾಂತಿಗೆ ಅಪಾಯ ಒದಗಿದೆ ಎಂದು ಭದ್ರತಾ ಮಂಡಳಿಗೆ ಅನ್ನಿಸಿದರೆ ಅದು ಸೇನಾಬಲ ಬಳಸಲು ಅಧಿಕಾರ ಕೊಡಬಹುದು. ಮಂಡಳಿಯಲ್ಲಿ ಇರುವವರು 15 ಸದಸ್ಯರು. ನಿರ್ಣಯ ಅಂಗೀಕಾರವಾಗಲು ಕನಿಷ್ಠ 9 ಮತ ಬೇಕು, ಜೊತೆಗೆ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಎಂಬ ಐವರು ಕಾಯಂ ಸದಸ್ಯರಲ್ಲಿ ಯಾರೂ ನಿರ್ಣಯವನ್ನೇ ತಡೆಯುವ ವಿಟೊ ಚಲಾಯಿಸಿರಬಾರದು. ಇವೆರಡರ ಹೊರಗೆ ಇರುವ ಮೂರನೆಯ ದಾರಿ ಸಮ್ಮತಿ. ಒಂದು ದೇಶದ ಸರ್ಕಾರವೇ ಕರೆದಾಗ ಬರುವ ಸೇನೆಯನ್ನು ಕಾನೂನು ಆಕ್ರಮಣಕಾರಿ ಎಂದು ನೋಡುವುದಿಲ್ಲ. ಇಂದು ನಡೆಯುವ ಬಹುಪಾಲು ಮಧ್ಯಪ್ರವೇಶಗಳು ಈ ಮೂರನೆಯ ದಾರಿಯನ್ನೇ ಹಿಡಿಯುತ್ತವೆ.

ಈ ಯಾವ ದಾರಿಯಲ್ಲೂ ಬಾರದ ಪ್ರಕರಣಗಳೂ ಇವೆ. 1999ರಲ್ಲಿ ಯುಗೊಸ್ಲಾವಿಯದ ಕೊಸೊವೊ ಪ್ರಾಂತ್ಯದ ಕಾರಣಕ್ಕೆ ನ್ಯಾಟೊ ಒಕ್ಕೂಟ ಆ ದೇಶದ ಮೇಲೆ 78 ದಿನ ಬಾಂಬ್ ಹಾಕಿದ್ದು ಮಂಡಳಿಯ ಅನುಮತಿಯಿಲ್ಲದೆ. ಆ ವಾದವಿವಾದದ ಬೆನ್ನಿಗೆ, 2005ರ ವಿಶ್ವ ಶೃಂಗಸಭೆಯಲ್ಲಿ ಸದಸ್ಯ ದೇಶಗಳು 'ರಕ್ಷಿಸುವ ಹೊಣೆ' ಎಂಬ ತತ್ವವನ್ನು ಒಪ್ಪಿಕೊಂಡವು: ನರಮೇಧ, ಜನಾಂಗ ನಿರ್ಮೂಲನ, ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧಗಳಿಂದ ತನ್ನ ಜನರನ್ನು ಕಾಯುವುದು ಪ್ರತಿ ಸರ್ಕಾರದ ಹೊಣೆ, ಅದು ಸ್ಪಷ್ಟವಾಗಿ ವಿಫಲವಾದರೆ ಮಂಡಳಿಯ ಮೂಲಕ ಹೊರಗಿನವರು ಕ್ರಮ ಕೈಗೊಳ್ಳಬಹುದು. 2011ರ ಮಾರ್ಚ್‌ನಲ್ಲಿ ಲಿಬಿಯಾದ ನಾಗರಿಕರನ್ನು ಕಾಪಾಡಲೆಂದು ಮಂಡಳಿ 1973ನೇ ನಿರ್ಣಯವನ್ನು ಹತ್ತು ಮತಗಳಿಂದ ಅಂಗೀಕರಿಸಿತು. ಭಾರತ, ಬ್ರೆಜಿಲ್, ಜರ್ಮನಿ, ರಷ್ಯಾ, ಚೀನಾ ಮತದಾನದಿಂದ ದೂರ ಉಳಿದವು. ಅಕ್ಟೋಬರ್ ಹೊತ್ತಿಗೆ ಗದ್ದಾಫಿಯ ಆಡಳಿತವೇ ಕುಸಿದು ಅವರು ಹತರಾಗಿದ್ದರು. ನಾಗರಿಕ ರಕ್ಷಣೆಗೆಂದು ಕೊಟ್ಟ ಅನುಮತಿಯನ್ನು ಆಡಳಿತ ಬದಲಾವಣೆಗೆ ಹಿಗ್ಗಿಸಲಾಯಿತು ಎಂದು ರಷ್ಯಾ ಮತ್ತು ಚೀನಾ ಆಕ್ಷೇಪಿಸಿದವು. ಆಮೇಲೆ ಸಿರಿಯಾ ಕುರಿತ ನಿರ್ಣಯಗಳಿಗೆ ಅವು ಒಂದಾದ ಮೇಲೊಂದು ವಿಟೊ ಹಾಕಿದ್ದರ ಹಿಂದೆ ಈ ಅಸಮಾಧಾನವೂ ಇತ್ತು.

ಕರೆದವರು ಯಾರು

ಸಮ್ಮತಿ ಎಂಬುದು ಕೇಳಲು ಸರಳ. ಆದರೆ ಆಂತರಿಕ ಯುದ್ಧದಲ್ಲಿರುವ ದೇಶದಲ್ಲಿ ಸಮ್ಮತಿ ಕೊಡುವ ಅಧಿಕಾರ ಯಾರಿಗಿದೆ ಎಂಬುದೇ ಜಗಳದ ಮೂಲವಾಗಿರುತ್ತದೆ. ಅಣ್ಣತಮ್ಮಂದಿರು ಆಸ್ತಿಗಾಗಿ ಹೊಡೆದಾಡುತ್ತಿರುವ ಮನೆಯಿಂದ ಒಬ್ಬನು ಬಂದು ನೆರೆಯವರನ್ನು ಸಹಾಯಕ್ಕೆ ಕರೆದರೆ, ಬಾಗಿಲ ಬೀಗದ ಕೈ ಅವನ ಬಳಿ ಇದೆ ಎಂಬ ಒಂದೇ ಕಾರಣಕ್ಕೆ ಅವನನ್ನು ಮನೆಯ ಯಜಮಾನನೆಂದು ಒಪ್ಪಬೇಕೇ? ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಬೀಗದ ಕೈ ಎಂದರೆ ರಾಜಧಾನಿಯ ಮೇಲಿನ ಹಿಡಿತ ಮತ್ತು ವಿಶ್ವಸಂಸ್ಥೆಯಲ್ಲಿನ ಆಸನ. ಅದು ಇರುವವರ ಸಹಿಗೆ ಬೆಲೆ ಇರುತ್ತದೆ, ದೇಶದ ಅರ್ಧ ಭಾಗ ಅವರ ಮಾತು ಕೇಳದಿದ್ದರೂ.

ಹೈಟಿಯ ಉದಾಹರಣೆಯನ್ನೇ ನೋಡಬಹುದು. 2021ರ ಜುಲೈನಲ್ಲಿ ಅಧ್ಯಕ್ಷ ಜೊವೆನೆಲ್ ಮೊಯಿಸ್ ಅವರ ಹತ್ಯೆಯಾದ ನಂತರ ಅಧಿಕಾರಕ್ಕೆ ಬಂದ ಏರಿಯಲ್ ಹೆನ್ರಿ ಚುನಾವಣೆಯಲ್ಲಿ ಗೆದ್ದವರಾಗಿರಲಿಲ್ಲ. ವಿದೇಶಿ ಪಡೆಗೆ ಕರೆ ಕಳುಹಿಸಿದವರು ಅವರೇ. 2024ರ ಮಾರ್ಚ್ ಮೊದಲ ದಿನ ಅವರು ನೈರೋಬಿಯಲ್ಲಿ ಕೆನ್ಯಾದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ದಿನಗಳಲ್ಲಿ ರಾಜಧಾನಿ ಪೋರ್ಟೊ ಪ್ರಿನ್ಸ್‌ನಲ್ಲಿ ಸಶಸ್ತ್ರ ತಂಡಗಳು ಒಟ್ಟಾಗಿ ಜೈಲುಗಳನ್ನು ಒಡೆದು, ವಿಮಾನ ನಿಲ್ದಾಣದ ಮೇಲೆ ದಾಳಿ ಮಾಡಿದವು. ಪ್ರಧಾನಿಗೆ ತಮ್ಮ ದೇಶಕ್ಕೆ ಹಿಂದಿರುಗಲು ಸಾಧ್ಯವಾಗದೆ ಅದೇ ತಿಂಗಳು ಹೊರಗಿನಿಂದಲೇ ರಾಜೀನಾಮೆ ಘೋಷಿಸಬೇಕಾಯಿತು. ಕರೆದವರು ಹೋದ ಮೇಲೆಯೇ, ಜೂನ್‌ನಲ್ಲಿ, ಕೆನ್ಯಾದ ಪೊಲೀಸರ ಮೊದಲ ತಂಡ ಅಲ್ಲಿಗೆ ಬಂದಿಳಿಯಿತು.

ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಕೊಟ್ಟವರಿಗಿದೆ, ಮತ್ತು ಅದರ ಪರಿಣಾಮ ಬೇಗ ಕಾಣುತ್ತದೆ. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಸಿನಾಯ್‌ನಲ್ಲಿ ನಿಂತಿದ್ದ ವಿಶ್ವಸಂಸ್ಥೆಯ ಮೊದಲ ಸಶಸ್ತ್ರ ಶಾಂತಿಪಾಲನಾ ಪಡೆಯನ್ನು ಈಜಿಪ್ಟ್ 1967ರ ಮೇ ತಿಂಗಳಲ್ಲಿ ಹೊರಡಲು ಹೇಳಿತು. ಜೂನ್ 5ರಂದು ಇಸ್ರೇಲ್ ಜೊತೆ ಯುದ್ಧ ಆರಂಭವಾಯಿತು. ಭಾರತದ ಅನುಭವವೂ ಇಂಥದ್ದೇ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಧ್ಯಕ್ಷ ಜಯವರ್ಧನೆ ಸಹಿ ಮಾಡಿದ ಒಪ್ಪಂದದ ಮೇರೆಗೆ ಶ್ರೀಲಂಕಾಕ್ಕೆ ಹೋದ ಭಾರತೀಯ ಶಾಂತಿಪಾಲನಾ ಪಡೆ ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ನೇರ ಯುದ್ಧಕ್ಕೆ ಇಳಿಯಿತು. ಕರೆಸಿಕೊಂಡ ಅಧ್ಯಕ್ಷರ ಸ್ಥಾನಕ್ಕೆ ಪ್ರೇಮದಾಸ ಬಂದು 1989ರಲ್ಲಿ ವಾಪಸಾತಿಗೆ ಗಡುವು ಹಾಕಿದರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಡಗು ಹತ್ತುವಷ್ಟರಲ್ಲಿ ಸುಮಾರು 1,200 ಭಾರತೀಯ ಸೈನಿಕರು ಪ್ರಾಣ ತೆತ್ತಿದ್ದರು. ಶಾಂತಿ ಕಾಯಲು ಹೋದವರು ಯುದ್ಧದ ಒಂದು ಪಕ್ಷವಾಗಿಬಿಟ್ಟರೆ ಸಮ್ಮತಿ ಎಷ್ಟು ಬೇಗ ಸವೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಮಾಲಿಯಲ್ಲಿ 2013ರ ಜನವರಿಯಲ್ಲಿ ಹಂಗಾಮಿ ಅಧ್ಯಕ್ಷರ ಕರೆಗೆ ಫ್ರಾನ್ಸ್ ಸೇನೆ ಬಂದು ಕೆಲವೇ ವಾರಗಳಲ್ಲಿ ಗಾವೊ ಮತ್ತು ಟಿಂಬಕ್ಟು ನಗರಗಳನ್ನು ಉಗ್ರರ ಕೈಯಿಂದ ಬಿಡಿಸಿದಾಗ ಜನ ಬೀದಿಯಲ್ಲಿ ಫ್ರಾನ್ಸಿನ ಬಾವುಟ ಹಿಡಿದು ಕುಣಿದಿದ್ದರು. 2020 ಮತ್ತು 2021ರ ಎರಡು ಕ್ಷಿಪ್ರಕ್ರಾಂತಿಗಳ ನಂತರ ಬಂದ ಸೇನಾ ಆಡಳಿತ ರಷ್ಯಾದ ಬಾಡಿಗೆ ಸೈನಿಕರ ವಾಗ್ನರ್ ಪಡೆಯನ್ನು ತಂದಿತು. ಬೀದಿಯಲ್ಲಿ ರಷ್ಯಾದ ಬಾವುಟಗಳು ಕಾಣಿಸಿಕೊಂಡವು. 2022ರ ಆಗಸ್ಟ್‌ನಲ್ಲಿ ಫ್ರೆಂಚರು ಹೊರಟರು. ಈ ನಡುವೆ ಉಗ್ರರ ಹಾವಳಿ ಉತ್ತರದ ಮರುಭೂಮಿಯಿಂದ ದೇಶದ ಮಧ್ಯಭಾಗಕ್ಕೂ, ನೆರೆಯ ಬುರ್ಕಿನಾ ಫಾಸೊ ಮತ್ತು ನೈಜರ್‌ಗೂ ಹಬ್ಬಿತ್ತು. ನಗರಗಳನ್ನು ಬಿಡಿಸಿದ್ದು ದಿಟ, ಆದರೆ ಹಳ್ಳಿಗಳಲ್ಲಿ ಸುರಕ್ಷತೆ ಬರಲಿಲ್ಲ. ಜನರ ನಿಲುವು ಬದಲಾದದ್ದನ್ನು ಬರೀ ಪ್ರಚಾರದ ಫಲವೆಂದು ತಳ್ಳಿಹಾಕಲು ಬರುವುದಿಲ್ಲ.

ನೀಲಿ ಹೆಲ್ಮೆಟ್, ಅದರ ಆದೇಶ ಮತ್ತು ಹಣ

ವಿಶ್ವಸಂಸ್ಥೆಗೆ ಸ್ವಂತ ಸೇನೆ ಇಲ್ಲ. ಸದಸ್ಯ ದೇಶಗಳು ಸೈನಿಕರನ್ನು ಕೊಡುತ್ತವೆ, ಅವರು ನೀಲಿ ಹೆಲ್ಮೆಟ್ ಧರಿಸುತ್ತಾರೆ. ಪ್ರತಿ ಸೈನಿಕನಿಗೆ ತಿಂಗಳಿಗೆ ಸುಮಾರು 1,400 ಡಾಲರ್‌ನಂತೆ ವಿಶ್ವಸಂಸ್ಥೆ ಆಯಾ ದೇಶದ ಸರ್ಕಾರಕ್ಕೆ ಮರುಪಾವತಿ ಮಾಡುತ್ತದೆ. ಪಡೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಮಂಡಳಿಯ ನಿರ್ಣಯ ಬರೆದಿಡುತ್ತದೆ. ಇದನ್ನೇ ಆದೇಶ ಅಥವಾ ಮ್ಯಾಂಡೇಟ್ ಎನ್ನುವುದು. ಸಂಬಂಧಪಟ್ಟವರ ಸಮ್ಮತಿ, ನಿಷ್ಪಕ್ಷಪಾತ, ಆತ್ಮರಕ್ಷಣೆ ಮತ್ತು ಆದೇಶದ ರಕ್ಷಣೆಗೆ ಹೊರತು ಬಲ ಬಳಸದಿರುವುದು, ಇವು ಆ ಪಡೆಯ ಮೂರು ಮೂಲ ನಿಯಮಗಳು.

ಆದೇಶ ಮತ್ತು ಬಲ ಹೊಂದಿಕೆಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ರುವಾಂಡಾ ತೋರಿಸಿತು. 1994ರ ಏಪ್ರಿಲ್‌ನಲ್ಲಿ ನರಮೇಧ ಆರಂಭವಾದಾಗ ಅಲ್ಲಿದ್ದ ಪಡೆ ಸುಮಾರು 2,500 ಮಂದಿಯದು. ಹತ್ತು ಮಂದಿ ಬೆಲ್ಜಿಯನ್ ಸೈನಿಕರ ಹತ್ಯೆಯಾದ ಮೇಲೆ ಬೆಲ್ಜಿಯಂ ತನ್ನವರನ್ನು ವಾಪಸು ಕರೆಸಿಕೊಂಡಿತು, ಏಪ್ರಿಲ್ 21ರಂದು ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ಸುಮಾರು ನೂರು ದಿನಗಳಲ್ಲಿ ಸತ್ತವರು ಎಂಟು ಲಕ್ಷದಷ್ಟು. ನಾಗರಿಕರ ರಕ್ಷಣೆಯನ್ನು ಆದೇಶದಲ್ಲೇ ಬರೆಯುವ ಪದ್ಧತಿ ಬಂದದ್ದು ಇದರ ನಂತರವೇ.

ವಿಶ್ವಸಂಸ್ಥೆಯಲ್ಲದೆ ಆಫ್ರಿಕನ್ ಒಕ್ಕೂಟದಂಥ ಪ್ರಾದೇಶಿಕ ಸಂಸ್ಥೆಗಳೂ ಪಡೆ ಕಳುಹಿಸುತ್ತವೆ. ಅವುಗಳಿಗೆ ಖಾಯಂ ಹಣದ ಮೂಲ ಇಲ್ಲ. ಸೊಮಾಲಿಯಾದಲ್ಲಿ 2007ರಿಂದ ಅಲ್-ಶಬಾಬ್ ಎಂಬ ಉಗ್ರ ಸಂಘಟನೆಯ ವಿರುದ್ಧ ಹೋರಾಡಿದ ಆಫ್ರಿಕನ್ ಒಕ್ಕೂಟದ ಪಡೆ ಒಂದು ಹಂತದಲ್ಲಿ 22 ಸಾವಿರಕ್ಕೆ ಬೆಳೆಯಿತು. ಉಗಾಂಡ, ಬುರುಂಡಿ, ಕೆನ್ಯಾ, ಇಥಿಯೋಪಿಯ, ಜಿಬೂಟಿಯ ಸೈನಿಕರು ಅದರಲ್ಲಿದ್ದರು. ಅವರ ಭತ್ಯೆಗೆಂದು ತಲೆಗೆ ತಿಂಗಳಿಗೆ 1,028 ಡಾಲರ್ ಕೊಡುತ್ತಿದ್ದುದು ಯುರೋಪಿಯನ್ ಒಕ್ಕೂಟ. 2016ರಲ್ಲಿ ಅದು ಶೇಕಡ 20ರಷ್ಟು ಕಡಿತ ಮಾಡಿದಾಗ, ರಣರಂಗದಲ್ಲಿ ಏನೂ ಬದಲಾಗದಿದ್ದರೂ, ಸೈನಿಕರನ್ನು ಕೊಟ್ಟ ದೇಶಗಳಲ್ಲಿ ವಾಪಸಾತಿಯ ಮಾತು ಎದ್ದಿತು. ಹೈಟಿಯ ಪಡೆಯೂ ಸ್ವಯಂಪ್ರೇರಿತ ದೇಣಿಗೆಯನ್ನೇ ನಂಬಿಕೊಂಡದ್ದು. 2,500 ಮಂದಿ ಇರಬೇಕಿದ್ದ ಅದು ಒಂದು ವರ್ಷ ಕಳೆದರೂ ಸಾವಿರದ ಆಸುಪಾಸಿನಲ್ಲೇ ಉಳಿಯಿತು.

ಸ್ಥಳೀಯ ಸೇನೆ ಕಟ್ಟುವ ಕೆಲಸ

ವಿದೇಶಿ ಪಡೆ ಎಷ್ಟೇ ಬಲವಾಗಿದ್ದರೂ ಅದು ಗಳಿಸಿಕೊಡುವುದು ಸಮಯವನ್ನು ಮಾತ್ರ. ಆ ಸಮಯದಲ್ಲಿ ಆ ದೇಶದ ಸ್ವಂತ ಸೇನೆ, ಪೊಲೀಸ್, ನ್ಯಾಯಾಲಯಗಳು ತಲೆ ಎತ್ತಬೇಕು. ತಜ್ಞರ ಭಾಷೆಯಲ್ಲಿ ಇದಕ್ಕೆ ಭದ್ರತಾ ವಲಯದ ಸುಧಾರಣೆ ಎಂದು ಹೆಸರು. ಸುದ್ದಿಯಲ್ಲಿ ತರಬೇತಿ ಶಿಬಿರ, ಶಸ್ತ್ರಾಸ್ತ್ರ, ಹೆಲಿಕಾಪ್ಟರುಗಳ ಚಿತ್ರ ಬರುತ್ತದೆ. ಆದರೆ ಈ ಕೆಲಸದ ಬಹುಮುಖ್ಯ ದಾಖಲೆ ಎಂದರೆ ಸೈನಿಕರ ಹಾಜರಿ ಮತ್ತು ಸಂಬಳದ ಪಟ್ಟಿ ಎಂಬುದು ಈ ಲೇಖಕನ ಅಭಿಪ್ರಾಯ.

ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 2003ರ ಶಾಂತಿ ಒಪ್ಪಂದದ ನಂತರ ಹಲವು ಬಂಡುಕೋರ ಗುಂಪುಗಳನ್ನು ಸೇರಿಸಿ ಒಂದು ರಾಷ್ಟ್ರೀಯ ಸೇನೆ ಮಾಡಲಾಯಿತು. ಸಂಬಳದ ನಗದು ರಾಜಧಾನಿಯಿಂದ ಹೊರಟು ಪ್ರಾಂತ್ಯದ ಸೇನಾಧಿಕಾರಿ, ಬ್ರಿಗೇಡಿನ ಅಧಿಕಾರಿ, ತುಕಡಿಯ ಅಧಿಕಾರಿ ಹೀಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಪ್ರತಿ ಮೆಟ್ಟಿಲಲ್ಲೂ ಕರಗುತ್ತಿತ್ತು. ತನ್ನ ಪಟ್ಟಿಯಲ್ಲಿ ಹೆಚ್ಚು ಹೆಸರಿದ್ದಷ್ಟೂ ಅಧಿಕಾರಿಗೆ ಹೆಚ್ಚು ಹಣ ಬರುತ್ತಿದ್ದುದರಿಂದ ಸತ್ತವರ, ಓಡಿಹೋದವರ, ಎಂದೂ ಇರದವರ ಹೆಸರುಗಳೂ ಪಟ್ಟಿಯಲ್ಲಿ ಉಳಿದಿದ್ದವು. ಕೊನೆಯಲ್ಲಿ ಏನೂ ಸಿಗದ ಸಾಮಾನ್ಯ ಸೈನಿಕ ಬಂದೂಕು ಹಿಡಿದು ರಸ್ತೆಗೆ ಅಡ್ಡ ಕೋಲು ಹಾಕಿ ಸಂತೆಗೆ ಹೋಗುವ ಹೆಂಗಸರಿಂದ ವಸೂಲಿ ಮಾಡುತ್ತಿದ್ದ. ಜನರಿಗೆ ಬಂಡುಕೋರನಿಗೂ ಸರ್ಕಾರಿ ಸೈನಿಕನಿಗೂ ವ್ಯತ್ಯಾಸ ಕಾಣದೆ ಹೋದದ್ದು ಹೀಗೆ. 2005ರಲ್ಲಿ ಯುರೋಪಿಯನ್ ಒಕ್ಕೂಟ ಕಳುಹಿಸಿದ ಒಂದು ಸಣ್ಣ ಸಲಹಾ ತಂಡ ಸೈನಿಕರ ಎಣಿಕೆ ಮಾಡಿ, ಬೆರಳಚ್ಚು ಪಡೆದು ಗುರುತಿನ ಚೀಟಿ ಕೊಟ್ಟು, ಆಜ್ಞೆ ಇಳಿಯುವ ದಾರಿಯಿಂದ ಹಣ ಇಳಿಯುವ ದಾರಿಯನ್ನು ಬೇರ್ಪಡಿಸಲು ಯತ್ನಿಸಿತು. ಕಾಂಗೊದ ಕಷ್ಟ ಇದರಿಂದ ತೀರಲಿಲ್ಲ. 2025ರ ಜನವರಿಯಲ್ಲಿ ಎಂ23 ಬಂಡುಕೋರರು ಗೋಮಾ ನಗರವನ್ನು ಹಿಡಿದಾಗ ಆ ಸೇನೆಯ ದೌರ್ಬಲ್ಯ ಮತ್ತೆ ಬಯಲಾಯಿತು. ಆದರೂ ಆ ತಂಡ ಕೈ ಹಾಕಿದ್ದು ಸರಿಯಾದ ಗಂಟಿಗೆ.

ಅಫ್ಗಾನಿಸ್ತಾನದಲ್ಲಿ ಅಮೆರಿಕ ಎರಡು ದಶಕಗಳಲ್ಲಿ ಅಲ್ಲಿನ ಭದ್ರತಾ ಪಡೆಗಳಿಗೆಂದು ಸುಮಾರು 8,800 ಕೋಟಿ ಡಾಲರ್ ವೆಚ್ಚ ಮಾಡಿತು. ಕಾಗದದ ಮೇಲೆ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರು ಮತ್ತು ಪೊಲೀಸರು ಇದ್ದರು. ಅವರಲ್ಲಿ ಎಷ್ಟೋ ಮಂದಿ ಹೆಸರಿಗಷ್ಟೇ ಇದ್ದ 'ಭೂತ ಸೈನಿಕರು' ಎಂದು ಅಮೆರಿಕದ್ದೇ ಲೆಕ್ಕ ತಪಾಸಣಾ ಕಚೇರಿ ವರ್ಷಗಟ್ಟಲೆ ಎಚ್ಚರಿಸುತ್ತ ಬಂದಿತ್ತು. ಇನ್ನೊಂದು ತೊಡಕು ಸಲಕರಣೆಯದು. ಅಫ್ಗನ್ ಮೆಕ್ಯಾನಿಕರಿಗೆ ರಷ್ಯಾ ನಿರ್ಮಿತ ಎಂಐ-17 ಹೆಲಿಕಾಪ್ಟರುಗಳ ಕೆಲಸ ಹಳೆಯ ಪರಿಚಯ. ಅವುಗಳ ಜಾಗಕ್ಕೆ ಅಮೆರಿಕದ ಬ್ಲ್ಯಾಕ್ ಹಾಕ್‌ಗಳು ಬಂದಾಗ ರಿಪೇರಿ ಕೆಲಸ ವಿದೇಶಿ ಗುತ್ತಿಗೆದಾರರ ಕೈಗೆ ಹೋಯಿತು. ಅಮೆರಿಕ ತಾಲಿಬಾನ್ ಜೊತೆ ಮಾಡಿಕೊಂಡ 2020ರ ಫೆಬ್ರವರಿ 29ರ ದೋಹಾ ಒಪ್ಪಂದದಲ್ಲಿ ಸೈನಿಕರ ಜೊತೆಗೆ ಆ ಗುತ್ತಿಗೆದಾರರೂ ಹೊರಡಬೇಕೆಂದು ಬರೆದಿತ್ತು. ಅವರು ಹೊರಟ ಮೇಲೆ ದೂರದ ಠಾಣೆಗಳಿಗೆ ಆಹಾರ, ಮದ್ದುಗುಂಡು ಒಯ್ಯುವ, ಗಾಯಾಳುಗಳನ್ನು ತರುವ ವಾಯುಸೇನೆ ನೆಲ ಕಚ್ಚಿತು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು.

ಸೊಮಾಲಿಯಾದಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ಒಂದೇ ರಾಷ್ಟ್ರೀಯ ಸೇನೆಯ ದನಬ್ ದಳವನ್ನು ಅಮೆರಿಕ, ಗೊರ್ಗೊರ್ ದಳವನ್ನು ಟರ್ಕಿ ತರಬೇತುಗೊಳಿಸಿದವು. ಬೇರೆ ತುಕಡಿಗಳನ್ನು ಯುರೋಪಿಯನ್ ಒಕ್ಕೂಟ, ಬ್ರಿಟನ್, ಸಂಯುಕ್ತ ಅರಬ್ ಎಮಿರೇಟ್ಸ್ ನೋಡಿಕೊಂಡವು. ತರಬೇತುದಾರರು ಹಲವರಾದಾಗ ಬಂದೂಕು, ಆಜ್ಞೆಯ ಪದ್ಧತಿ, ಸಂಬಳ ಎಲ್ಲವೂ ಬೇರೆಬೇರೆ. 2018ರ ಏಪ್ರಿಲ್‌ನಲ್ಲಿ ಮೊಗಾದಿಶು ವಿಮಾನ ನಿಲ್ದಾಣದಲ್ಲಿ ಎಮಿರೇಟ್ಸ್‌ನಿಂದ ಬಂದ ವಿಮಾನವೊಂದರಿಂದ ಚೀಲಗಳಲ್ಲಿದ್ದ ಸುಮಾರು 96 ಲಕ್ಷ ಡಾಲರ್ ನಗದನ್ನು ಸೊಮಾಲಿ ಅಧಿಕಾರಿಗಳು ಜಪ್ತಿ ಮಾಡಿದರು. ಅದು ತಾವು ತರಬೇತಿ ಕೊಟ್ಟ ಸೊಮಾಲಿ ಸೈನಿಕರ ವೇತನ ಎಂದು ಎಮಿರೇಟ್ಸ್ ಹೇಳಿತು. ಒಂದೇ ವಾರದಲ್ಲಿ ತರಬೇತಿ ಕಾರ್ಯಕ್ರಮವೇ ನಿಂತಿತು. ಹಣ ಯಾತಕ್ಕೆ ಬಂದಿತ್ತು ಎಂಬ ವಾದ ಏನೇ ಇರಲಿ, ಒಂದು ದೇಶದ ಸೈನಿಕನ ಸಂಬಳ ಇನ್ನೊಂದು ದೇಶದ ವಿಮಾನದಲ್ಲಿ ಚೀಲದಲ್ಲಿ ಬರುವ ವ್ಯವಸ್ಥೆಯಲ್ಲಿ ಆ ಸೈನಿಕ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಹುಟ್ಟದೆ ಇರುವುದಿಲ್ಲ.

ರಸೀದಿ ಕೊಡುವ ಉಗ್ರರು

ಭದ್ರತೆಯೆಂದರೆ ಸೇನೆ ಎಂದಷ್ಟೇ ತಿಳಿದರೆ ಅಲ್-ಶಬಾಬ್ ಇಷ್ಟು ವರ್ಷ ಉಳಿದದ್ದು ಅರ್ಥವಾಗುವುದಿಲ್ಲ. ಅದು ರಸ್ತೆಗಳಲ್ಲಿ ತೆರಿಗೆ ಠಾಣೆ ಹಾಕಿಕೊಂಡಿದೆ. ಅಲ್ಲಿ ಹಣ ಕಟ್ಟಿದ ಲಾರಿ ಚಾಲಕನಿಗೆ ರಸೀದಿ ಸಿಗುತ್ತದೆ. ಅದನ್ನು ತೋರಿಸಿದರೆ ಮುಂದಿನ ಠಾಣೆಯಲ್ಲಿ ಮತ್ತೆ ಕಟ್ಟಬೇಕಾಗಿಲ್ಲ. ಸರ್ಕಾರಿ ಸೈನಿಕರ ಹೆಸರಿನಲ್ಲಿ ನಿಂತ ಅಡ್ಡಗಟ್ಟೆಗಳಲ್ಲಿ ಎಷ್ಟೋ ವೇಳೆ ಪ್ರತಿಯೊಂದರಲ್ಲೂ ಕೊಡಬೇಕು, ಚೀಟಿ ಇಲ್ಲ. ಜಮೀನಿನ ತಕರಾರು ಇರುವ ರಾಜಧಾನಿಯ ನಿವಾಸಿಗಳು ಸಹ ಊರಾಚೆಗಿನ ಅಲ್-ಶಬಾಬ್ ನ್ಯಾಯಾಲಯಗಳಿಗೆ ಹೋಗುತ್ತಾರೆ, ಏಕೆಂದರೆ ಅಲ್ಲಿ ತೀರ್ಪು ಬೇಗ ಬರುತ್ತದೆ ಮತ್ತು ಜಾರಿಯಾಗುತ್ತದೆ. ಅದರ ಹಿಂದಿರುವುದು ಭಯವೇ, ಆ ಸಂಘಟನೆ ನೂರಾರು ನಾಗರಿಕರನ್ನು ಬಾಂಬ್ ಇಟ್ಟು ಕೊಂದದ್ದೂ ಇದೆ. ಆದರೂ ಹೆಚ್ಚುವರಿ ಸೈನಿಕರನ್ನು ತರಿಸುವುದರಿಂದ ನ್ಯಾಯಾಧೀಶನ ಕುರ್ಚಿ ತುಂಬುವುದಿಲ್ಲ. ಆದ್ದರಿಂದಲೇ ಇತ್ತೀಚಿನ ನಿರ್ಣಯಗಳಲ್ಲಿ ಪೊಲೀಸ್, ಕಾರಾಗೃಹ, ನ್ಯಾಯಾಲಯಗಳ ಮಾತು ತಪ್ಪದೆ ಬರುತ್ತದೆ. ಹಣ ಹಂಚುವಾಗ ಮಾತ್ರ ಅವು ಸಾಲಿನ ಕೊನೆಯಲ್ಲಿರುತ್ತವೆ.

ಹೊರಡುವ ಸಮಯ

ವಾಪಸಾತಿಗೆ ಎರಡು ಬಗೆಯ ಯೋಜನೆಗಳಿವೆ. ಒಂದರಲ್ಲಿ ದಿನಾಂಕ ಮೊದಲೇ ಗೊತ್ತಾಗಿರುತ್ತದೆ, ಇನ್ನೊಂದರಲ್ಲಿ ಇಂತಿಂಥ ಕೆಲಸ ಮುಗಿದರೆ ಇಷ್ಟು ಮಂದಿ ಹೊರಡುವುದು ಎಂಬ ಷರತ್ತು ಇರುತ್ತದೆ. ಅಫ್ಗಾನಿಸ್ತಾನದಲ್ಲಿ ಕೊನೆಗೆ ನಡೆದದ್ದು ಮೊದಲನೆಯದು. ಎರಡನೆಯದಕ್ಕೆ ಸಿಯೆರಾ ಲಿಯೋನ್ ಉದಾಹರಣೆ. ಅಲ್ಲಿ 2000ದ ಮೇ ತಿಂಗಳಲ್ಲಿ ಬಂಡುಕೋರರು ಸುಮಾರು 500 ಶಾಂತಿಪಾಲಕರನ್ನು ಒತ್ತೆ ಹಿಡಿದಿದ್ದರು. ಕೈಲಾಹುನ್‌ನಲ್ಲಿ ಸುತ್ತುವರಿಯಲ್ಪಟ್ಟಿದ್ದ ಭಾರತೀಯ ತುಕಡಿ ಜುಲೈನಲ್ಲಿ 'ಆಪರೇಷನ್ ಖುಕ್ರಿ' ಎಂಬ ಕಾರ್ಯಾಚರಣೆಯಿಂದ ಹೊರಬಂದಿತು. ಅಂಥ ಅವಮಾನಕರ ಆರಂಭದ ಹೊತ್ತಿನಲ್ಲೇ ಬ್ರಿಟನ್ ತನ್ನ ಸೇನೆಯನ್ನು ಇಳಿಸಿತ್ತು, ಆಮೇಲೆ ವಿಶ್ವಸಂಸ್ಥೆಯ ಪಡೆ 17,500ಕ್ಕೆ ಏರಿತು, 70 ಸಾವಿರಕ್ಕೂ ಹೆಚ್ಚು ಹೋರಾಟಗಾರರು ಶಸ್ತ್ರ ಒಪ್ಪಿಸಿದರು. 2002ರ ಜನವರಿಯಲ್ಲಿ ಯುದ್ಧ ಮುಗಿದ ಘೋಷಣೆಯಾಯಿತು. ಆಮೇಲೂ ಪಡೆ ನಾಲ್ಕು ವರ್ಷದಷ್ಟು ನಿಂತು, ಪೊಲೀಸರು ಜಿಲ್ಲೆ ಜಿಲ್ಲೆಯಾಗಿ ಹೊಣೆ ವಹಿಸಿಕೊಂಡಂತೆ ಕರಗುತ್ತ 2005ರ ಡಿಸೆಂಬರ್‌ನಲ್ಲಿ ಹೊರಟಿತು. ಬ್ರಿಟಿಷ್ ತರಬೇತುದಾರರು ಅದಕ್ಕೂ ಹೆಚ್ಚು ಕಾಲ ಇದ್ದರು. ಚಿಕ್ಕ ದೇಶ, ಬಂಡುಕೋರರಿಗೆ ನೆರವಾಗುತ್ತಿದ್ದ ನೆರೆಯ ಲೈಬೀರಿಯದ ಚಾರ್ಲ್ಸ್ ಟೇಲರ್ 2003ರಲ್ಲಿ ಅಧಿಕಾರ ಕಳೆದುಕೊಂಡದ್ದು, ಎರಡೂ ಇದಕ್ಕೆ ಅನುಕೂಲವಾದವು ಎಂಬುದನ್ನು ಮರೆಯುವಂತಿಲ್ಲ.

ಆತಿಥೇಯ ದೇಶವೇ ಮುನಿಸಿಕೊಂಡಾಗ ಹೊರಡುವುದು ಎಷ್ಟು ಕಷ್ಟ ಎಂಬುದು ಮಾಲಿಯಲ್ಲಿ ಕಂಡಿತು. ಹದಿಮೂರು ಸಾವಿರದಷ್ಟು ಸೈನಿಕರು ಮತ್ತು ಪೊಲೀಸರಿದ್ದ ಪಡೆಗೆ ಸಿಕ್ಕಿದ್ದು ಆರೇ ತಿಂಗಳು. ಉತ್ತರದ ನೆಲೆಗಳಿಗೆ ವಿಮಾನ ಹಾರಿಸಲು ಸರ್ಕಾರದ ಅನುಮತಿ ಸಿಗಲಿಲ್ಲ. ಸಾಗಿಸಲಾಗದ ಸಾಮಗ್ರಿಯನ್ನು ಅಲ್ಲೇ ನಾಶ ಮಾಡಿ, 2023ರ ಅಕ್ಟೋಬರ್ ಕೊನೆಯ ದಿನ ಕಿದಾಲ್ ನೆಲೆಯಿಂದ ನೂರಕ್ಕೂ ಹೆಚ್ಚು ವಾಹನಗಳ ಸಾಲು ಗಾವೊ ಕಡೆಗೆ ಮರುಭೂಮಿಯ ದಾರಿ ಹಿಡಿಯಿತು. ದಾರಿಯುದ್ದಕ್ಕೂ ನೆಲಬಾಂಬುಗಳಿಗೆ ಮತ್ತೆ ಮತ್ತೆ ಸಿಕ್ಕಿ ಹಲವು ಶಾಂತಿಪಾಲಕರು ಗಾಯಗೊಂಡರು. ಹತ್ತು ವರ್ಷಗಳಲ್ಲಿ ಆ ಪಡೆ ಕಳೆದುಕೊಂಡವರ ಸಂಖ್ಯೆ 300ಕ್ಕೂ ಹೆಚ್ಚು.

ಸೊಮಾಲಿಯಾದಲ್ಲಿ ಆಫ್ರಿಕನ್ ಒಕ್ಕೂಟದ ಪಡೆ ಪೂರ್ತಿ ಹೊರಡುವ ಬದಲು 2022ರಲ್ಲಿ ಒಮ್ಮೆ, 2025ರ ಜನವರಿಯಲ್ಲಿ ಇನ್ನೊಮ್ಮೆ ಹೆಸರು ಮತ್ತು ಆದೇಶ ಬದಲಿಸಿಕೊಂಡು ಮುಂದುವರಿದಿದೆ. ಈಗ ಅದರ ಮಿತಿ 11,826 ಮಂದಿ. ಇಂಥ ಪಡೆಗಳ ವೆಚ್ಚದಲ್ಲಿ ಶೇಕಡ 75ರವರೆಗೆ ಸದಸ್ಯ ದೇಶಗಳು ವಿಶ್ವಸಂಸ್ಥೆಗೆ ಕೊಡುವ ಕಡ್ಡಾಯ ವಂತಿಗೆಯಿಂದ ಭರಿಸಬಹುದೆಂದು 2023ರ ಡಿಸೆಂಬರ್‌ನ 2719ನೇ ನಿರ್ಣಯ ಹೇಳುತ್ತದೆ. ಅದನ್ನು ಸೊಮಾಲಿಯಾಕ್ಕೆ ಅನ್ವಯಿಸಲು ಅಮೆರಿಕ ಒಪ್ಪದಿದ್ದುದರಿಂದ ಹೊಸ ಪಡೆ ಮೊದಲ ದಿನದಿಂದಲೇ ಹಣದ ಕೊರತೆಯಲ್ಲಿ ಕೆಲಸ ಶುರು ಮಾಡಿತು. ಹೈಟಿಯ ವಿಷಯದಲ್ಲಿ ಮಂಡಳಿ ಬೇರೆ ದಾರಿ ಹಿಡಿದು, 2025ರ ಸೆಪ್ಟೆಂಬರ್ 30ರಂದು ಕೆನ್ಯಾ ನೇತೃತ್ವದ ಪಡೆಯ ಜಾಗಕ್ಕೆ 5,550 ಮಂದಿಯ ಹೊಸ ಪಡೆಗೆ ಅನುಮತಿ ಕೊಟ್ಟಿತು. ಅದಕ್ಕೆ ಸಾಗಾಟ ಮತ್ತು ಸರಬರಾಜಿನ ನೆರವು ವಿಶ್ವಸಂಸ್ಥೆಯ ಕಚೇರಿಯಿಂದ ಬರುತ್ತದೆ. ಸಿಬ್ಬಂದಿಯ ವೇತನ ಈ ಬಾರಿಯೂ ದೇಣಿಗೆಯಿಂದಲೇ ಬರಬೇಕು.